ರಟ್ಲೆಂಡ್ ವಾಟರ್‌ನಲ್ಲಿ ಹ್ಯಾಟಿಗೆ ಹೇಳಿದ್ದು

ಮೊದಲು ಗಾಳಿ, ಹ್ಯಾಟಿ. ಗಾಳ ಆಮೇಲೆ.
ನಿನ್ನಜ್ಜ ಕ್ಲಿಫರ್ಡ್ ಮೊದಲ ದಿನ
ನನ್ನನ್ನು ದೋಣಿ ಹತ್ತಿಸಲೇ ಇಲ್ಲ.
ದಂಡೆಯಲ್ಲಿ ನಿಲ್ಲಿಸಿ, ಯಾವ ಕೆನ್ನೆ ತಣ್ಣಗಿದೆ ಹೇಳು, ಎಂದ.
ಮಲ್ಪೆಯ ಮೊಗವೀರನಿಗೆ ಗಾಳಿಯ ಪಾಠ!
ನಕ್ಕೆ. ಬರಿಗೈಲಿ ಲೆಸ್ಟರಿನ ಬಸ್ಸು ಹತ್ತಿದೆ.
ಮಾರನೆಯ ದಿನ ಮಾರ್ಕೆಟ್ಟಿನಲ್ಲಿ
ಐಸಿನ ಮೇಲಿನ ಸತ್ತ ಮೀನುಗಳ
ಮುಖ ನೋಡಲೂ ನಾಚಿಕೆ.

ಮೆಂಡನ್ ಅಂತ ಹೆಸರು ಹೇಳಿದರೆ
ಲಿಂಕನ್‌ಶೈರಿನ ಕಡೆಯವನೋ ಎಂದಿದ್ದ, ಪುಣ್ಯಾತ್ಮ.

ಇದು ಕಡಲಲ್ಲ. ಉಬ್ಬರವಿಲ್ಲ, ಇಳಿತವಿಲ್ಲ,
ಹುಣ್ಣಿಮೆ ಅಮಾವಾಸ್ಯೆ ಇದಕ್ಕೆ ತಿಳಿಯದು.
ಎಲ್ಲೋ ಒಬ್ಬ ಕವಾಟ ತಿರುಗಿಸುತ್ತಾನೆ,
ಪೀಟರ್‌ಬರೋದಲ್ಲಿ ಯಾರೋ ಮೀಯುತ್ತಾರೆ,
ಇಲ್ಲಿ ದಂಡೆಯ ಕೆಸರು ಗೇಣಗಲ ಕಾಣುತ್ತದೆ.
ಅದನ್ನೇ ಇಳಿತ ಎಂದುಕೊ.

ಏಪ್ರಿಲಿನಲ್ಲಿ ಅವಸರ ಬೇಡ.
ನೀರಿಗೆ ಇನ್ನೂ ಚಳಿಯ ಮಂಪರು.
ಮುಳುಗುವ ದಾರ, ಕಪ್ಪು ಗರಿಯ ಹುಸಿಹುಳ.
ಎಳೆ, ಆದರೆ ಹೇಗೆ?
ನಿದ್ದೆಹೋದ ಮಗುವಿನ ಮುಷ್ಟಿಯಿಂದ
ಗಿಲಕಿ ಬಿಡಿಸುವ ಹಾಗೆ.

ಮೇ ಸಂಜೆ, ಹ್ಯಾಂಬಲ್ಟನ್ನಿನ ಮರಗಳ ಮೇಲೆ
ಕಚ್ಚದ ಸೊಳ್ಳೆಗಳು ಹೊಗೆಯಂತೆ ಏಳುತ್ತವೆ.
ಆಗ ಏನೂ ಮಾಡಬೇಡ. ನಿಜಕ್ಕೂ.
ಗಾಳಿಗೆ ಅಡ್ಡ ಎಸೆ, ಬಿಡು,
ದಾರ ತಾನೇ ಬಿಲ್ಲಾಗಿ ತೇಲಲಿ.
ಬಿಗಿದರೆ ಟ್ರೌಟು. ಬಿಗಿಯದಿದ್ದರೆ
ಒಂದು ಸಂಜೆ.

ಜುಲೈಯಲ್ಲಿ ನಮ್ಮೂರಿನ ದೋಣಿಗಳೆಲ್ಲ ಮರಳ ಮೇಲೆ
ತೆಂಗಿನ ಮಡಲು ಹೊದ್ದು ಮಲಗಿರುತ್ತವೆ;
ನೂಲಹುಣ್ಣಿಮೆಗೆ ಕಡಲಿಗೆ ಹಾಲೆರೆಯುವ ತನಕ
ಬಲೆಗೆ ತೇಪೆ, ಬಾಯಿಗೆ ಒಣಮೀನು.
ಇಲ್ಲಿ ಉಲ್ಟಾ. ಮನುಷ್ಯರೆಲ್ಲ ನೀರಿನ ಮೇಲೆ,
ರಜೆ ಹಾಕುವುದು ಮೀನು.
ಅಣೆಕಟ್ಟಿನ ಗೋಪುರದ ಬಳಿ, ಮೂವತ್ತಡಿ ಆಳದಲ್ಲಿ,
ನೀರುಚಿಗಟಗಳ ಮೋಡ ಮೇಯುತ್ತಿರುತ್ತದೆ.
ಕಿತ್ತಳೆ ಬಣ್ಣದ ಹುಳ ಕಟ್ಟು. ಯಾಕೆ ಕಿತ್ತಳೆ?
ಅಜ್ಜನಿಗೂ ಗೊತ್ತಿಲ್ಲ.
ದಾರ ಇಳಿಯುವಾಗ ಎಣಿಸು. ನಾನು ಒಂಜಿ, ರಡ್ಡ್, ಮೂಜಿ ಎನ್ನುತ್ತ
ತುಳುವಿನಲ್ಲಿ ಎಣಿಸುತ್ತಿದ್ದೆ; ಅವನೂ ಕಲಿತ,
ಹತ್ತರ ತನಕ. ಆಮೇಲೆ ಮತ್ತೆ ಒಂದರಿಂದ.
ಅವನ ಲೆಕ್ಕದಲ್ಲಿ ಮೂವತ್ತು ಎಂದರೆ ಮೂರು ಹತ್ತು.

ಸೆಪ್ಟೆಂಬರ್. ಇದನ್ನು ಸರಿಯಾಗಿ ಕೇಳು.
ಉದ್ದಗಾಲಿನ ನೊಣಗಳು ಹುಲ್ಲಿನಿಂದ ಎದ್ದು
ಗಾಳಿಗೆ ಸಿಕ್ಕಿ ನೀರಿಗೆ ಬೀಳುತ್ತವೆ,
ಮರಿಮೀನಿನ ಹಿಂಡು ಹಳೆಯ ಬೇಲಿಗಳ ಸಾಲು ಹಿಡಿಯುತ್ತದೆ,
ಹಿಂದೆಯೇ ದೊಡ್ಡವು, ಕಂದು ಬೆನ್ನಿನವು.
ಬೇಲಿ ಎಲ್ಲಿಂದ ಬಂತು? ನಮ್ಮ ಕೆಳಗೆ ಊರಿತ್ತು.
ಸೋನಾರಿನಲ್ಲಿ ಬರೀ ಗೀಟು ಕಾಣುವಲ್ಲಿ
ನಿನ್ನಜ್ಜ ಹುಡುಗನಾಗಿ ಸೈಕಲ್ಲಿನಲ್ಲಿ ಹಾಲು ಹಂಚಿದ್ದಾನೆ.
ದೋಣಿಯಲ್ಲಿ ಕೂತು ಕಣ್ಣು ಕಿರಿದು ಮಾಡಿ
ಇಲ್ಲಿ ಎಡಕ್ಕೆ ತಿರುಗು, ಗೇಟು, ನಿಧಾನ,
ಈ ಮನೆಯ ನಾಯಿ ಕಚ್ಚುತ್ತದೆ ಎನ್ನುತ್ತಿದ್ದ.
ಹದಿನೆಂಟು ಅಡಿ ನೀರಿನ ಮೇಲೆ
ನಾನು ಗಂಭೀರವಾಗಿ ಹುಟ್ಟು ತಿರುಗಿಸುತ್ತಿದ್ದೆ.
ನಾಯಿಯ ಮನೆಯಲ್ಲಿ ಲಂಗರು. ಪ್ರತಿ ಸಲ ಮೀನು.
ಪ್ರತಿ ಸಲ ಎಂದೆನಲ್ಲ, ಸುಳ್ಳು. ಆದರೂ.

ಅಲ್ಲಿಗೆ ಇವತ್ತು ನೀನೇ ಹುಟ್ಟು ಹಾಕು.
ಚರ್ಚಿನ ಶಿಖರ ಬಲ ಹೆಗಲಿಗೆ ಬರಲಿ.
ಗಾಳ ಒದ್ದೆಯಾಗಿರಲಿ, ಮಾತು ಒಣಗಿರಲಿ.
ದೊಡ್ಡ ಕಂದು ಸಿಕ್ಕಿದರೆ ನೀರಲ್ಲೇ ಹಿಡಿದು
ಉಸಿರು ತಿರುಗುವ ತನಕ ಕಾದು ಬಿಟ್ಟುಬಿಡು.
ಸಂಜೆ ಕಾರ್ಡಿನಲ್ಲಿ ಲೆಕ್ಕ ಬರೆ. ಸೊನ್ನೆಯಾದರೆ ಸೊನ್ನೆ,
ದುಂಡಗೆ, ಎಲ್ಲರಿಗೂ ಕಾಣುವ ಹಾಗೆ.

ಸೊಂಟದ ಆಪರೇಷನ್ ಆದ ಮೇಲೆ ಅವನು
ಲಾಡ್ಜಿನ ಕಿಟಕಿ ಬಿಟ್ಟು ಕದಲುವುದಿಲ್ಲ.
ಎಷ್ಟು ಹಿಡಿದೆ ಎಂದು ಕೇಳಲಾರ.
ನಾಯಿ ಇತ್ತಾ? ಎಂದಷ್ಟೇ ಕೇಳುತ್ತಾನೆ.
ಇತ್ತು ಎನ್ನು.
ಕಚ್ಚಲಿಲ್ಲ ಎನ್ನು.